ಹಿಮವಿಲ್ಲದ ನೆಲಕ್ಕೆ ಹಿಮಕ್ರೀಡೆಯ ಪಾಠ

ಶಿಕಾರಿಪುರ, ಸೊರಬಗಳ ಸೀಮೆಯಲ್ಲಿ ಹೆಪ್ಪುಗಟ್ಟಿದ ಕೆರೆಯನ್ನು ಕಂಡವರಿಲ್ಲ. ಐಸ್ ಹಾಕಿ ಇಲ್ಲಿಯ ಮಕ್ಕಳಿಗೆ ಟಿ.ವಿ.ಯ ದೃಶ್ಯವೇ ಹೊರತು ಅನುಭವವಲ್ಲ. ಆದರೂ ಆ ಆಟದ ಆಚಾರ್ಯರು ಆಟಗಾರನನ್ನು ತಿದ್ದಿ ರೂಪಿಸುವ ಕ್ರಮದಲ್ಲಿ ನಮ್ಮ ಹಳ್ಳಿಶಾಲೆಗಳ ಬಯಲಿಗೆ ಒಪ್ಪುವ ವಿವೇಕ ಬಹಳವಿದೆ. ಏಕೆಂದರೆ ಅದರಲ್ಲಿ ಒಂದು ದೊಡ್ಡ ಪಾಲು ಹುಟ್ಟಿದ್ದು ಹಿಮದ ಸಮೃದ್ಧಿಯಿಂದಲ್ಲ, ಅಭಾವದಿಂದ.

ಸೋವಿಯತ್ ದೇಶದಲ್ಲಿ ಈ ಆಟದ ರಾಷ್ಟ್ರೀಯ ಪಂದ್ಯಾವಳಿ ಮೊದಲಾದದ್ದು 1946ರಲ್ಲಿ. ಕೃತಕ ಹಿಮದ ಅಂಕಣಗಳು ದುರ್ಲಭವಾಗಿದ್ದ ಆ ಕಾಲದಲ್ಲಿ ಅನಾತೊಲಿ ತರಾಸೊವ್ ಎಂಬ ಗುರುವು ಶಿಷ್ಯರನ್ನು ಬಯಲಿನಲ್ಲಿ ಓಡಿಸಿ, ಭಾರವೆತ್ತಿಸಿ, ಫುಟ್‌ಬಾಲ್ ಆಡಿಸಿ, ಅಂಗಸಾಧನೆಯಿಂದಲೇ ಅವರನ್ನು ಹಿಮಕ್ಕೆ ಸಿದ್ಧಗೊಳಿಸಿದನು. ಆತನೂ ಚೆರ್ನಿಶೆವ್ ಎಂಬ ಸಹಶಿಕ್ಷಕನೂ ಪಳಗಿಸಿದ ತಂಡವು 1963ರಿಂದ 1971ರವರೆಗೆ ಎಡೆಬಿಡದೆ ಒಂಬತ್ತು ಬಾರಿ ವಿಶ್ವವಿಜೇತವಾಯಿತು. ನಮ್ಮ ಲಡಾಖಿನಲ್ಲಿಯೂ ಸಹಜ ಹಿಮ ಚಳಿಗಾಲದ ಕೆಲವೇ ವಾರಗಳ ಸಂಪತ್ತು. ಆದಾಗ್ಯೂ ಅಲ್ಲಿಯ ಹೆಣ್ಣುಮಕ್ಕಳೇ ಬಹುಪಾಲಾಗಿದ್ದ ಭಾರತದ ಮಹಿಳಾ ತಂಡ 2025ರ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕ ಗೆದ್ದಿತು.

ಮೊದಲ ಪಾಠ ಓಟದ ಲಯದ್ದು. ಐಸ್ ಹಾಕಿಯ ಆಟಗಾರನು ಸುಮಾರು 45 ಸೆಕೆಂಡು ಸರ್ವಶಕ್ತಿಯಿಂದ ಆಡಿ, ಹೊರಬಂದು ದಣಿವಾರಿಸಿಕೊಂಡು, ಮರಳಿ ಅಂಕಣಕ್ಕಿಳಿಯುತ್ತಾನೆ. ನಮ್ಮ ಕಬಡ್ಡಿಯ ಒಂದು ರೈಡಿಗೆ ಇರುವ ಅವಧಿಯೂ 30 ಸೆಕೆಂಡೇ. ಆದುದರಿಂದ ಇಂಥ ಆಟಗಳಿಗೆ ಮೈದಾನವನ್ನು ಹತ್ತು ಸುತ್ತು ಮಂದಗತಿಯಲ್ಲಿ ಓಡಿಸುವುದಕ್ಕಿಂತ, ಮಿಂಚಿನ ಓಟ, ಥಟ್ಟನೆಯ ನಿಲುಗಡೆ, ದಿಕ್ಕು ಬದಲಿಸುವ ತಿರುವು, ನಡುನಡುವೆ ವಿಶ್ರಾಂತಿ ಎಂಬ ಕ್ರಮವೇ ಹೆಚ್ಚು ಫಲಕಾರಿ.

ಎರಡನೆಯ ಪಾಠ ಅಂಕಣದ ಅಳತೆಯದು. 60 ಮೀಟರ್ ಉದ್ದದ ಅಂಕಣದಲ್ಲಿ ಎಳೆಯರನ್ನು ಬಿಟ್ಟರೆ ಆಟವೆಲ್ಲ ಒಬ್ಬಿಬ್ಬರು ಬಲಿಷ್ಠರ ಪಾಲಾಗುತ್ತದೆ. ಇದನ್ನರಿತೇ ಅಮೆರಿಕದ ಐಸ್ ಹಾಕಿ ಸಂಸ್ಥೆ, 2009ರಿಂದ ಪ್ರಚಾರಕ್ಕೆ ತಂದ ಪದ್ಧತಿಯಲ್ಲಿ, ಅಂಕಣವನ್ನು ಅಡ್ಡಲಾಗಿ ವಿಭಾಗಿಸಿ ಪುಟ್ಟ ಪುಟ್ಟ ತಂಡಗಳನ್ನು ಆಡಿಸಲು ವಿಧಿಸಿತು. ಬಾಲ್ಯದಲ್ಲಿ ಪಂದ್ಯಗಳಿಗಿಂತ ಅಭ್ಯಾಸ ಮಿಗಿಲಾಗಿರಲೆಂದೂ, ಒಂದೇ ಆಟಕ್ಕೆ ಮಗುವನ್ನು ಬೇಗನೆ ಕಟ್ಟಿಹಾಕಬಾರದೆಂದೂ ಬೋಧಿಸಿತು. ಸುಣ್ಣದ ಪುಡಿಯಲ್ಲಿ ನಾಲ್ಕು ಗೆರೆ ಎಳೆದು ಮೂವರಿಗೆ ಮೂವರನ್ನು ನಿಲ್ಲಿಸಿದರೆ ಸೊರಬದ ಯಾವ ಶಾಲೆಯಲ್ಲಿಯೂ ಇದು ಸಾಧ್ಯ.

ಕೈಚಳಕದ ಅಭ್ಯಾಸವಂತೂ ಮಳೆಗಾಲದ ಜಗಲಿಯಲ್ಲಿಯೂ ನಡೆದೀತು. ಹುಡುಗಿ ಕೋಲಿನ ತುದಿಯಿಂದ ಚೆಂಡನ್ನು ಎಡಕ್ಕೂ ಬಲಕ್ಕೂ ಸರಿಸುತ್ತಿರುತ್ತಾಳೆ. ಎದುರಿಗೆ ನಿಂತ ಶಿಕ್ಷಕರು ಮೂರು ಬೆರಳು ತೋರಿಸುತ್ತಾರೆ, ಮರುಕ್ಷಣವೇ ಐದು. ಆಕೆ ತಲೆಯೆತ್ತಿ ಎಣಿಕೆಯನ್ನು ಕೂಗಬೇಕು, ಚೆಂಡು ಮಾತ್ರ ಕೋಲನ್ನು ಬಿಟ್ಟು ಹೋಗಕೂಡದು. ನೋಟ ನೆಲಕ್ಕೆ ಅಂಟಿದ್ದರೆ ಜೊತೆಗಾರನೂ ಕಾಣನು, ಎದುರಾಳಿಯೂ ಕಾಣನು.

ನಮ್ಮಲ್ಲಿ ಕೊರತೆಯಿರುವುದು ಮೈದಾನಕ್ಕಲ್ಲ, ನಿರಂತರತೆಗೆ. ತಾಲ್ಲೂಕು ಕ್ರೀಡಾಕೂಟಕ್ಕೆ ವಾರವಿರುವಾಗ ತಂಡ ಕಟ್ಟಿ, ಸೋತು ಬಂದ ಮೇಲೆ ಚೆಂಡನ್ನು ಬೀರುವಿಗೆ ಸೇರಿಸುವ ಪರಿಪಾಠದಿಂದ ಯಾವ ಆಟವೂ ಬೆಳೆಯದು. ದೈಹಿಕ ಶಿಕ್ಷಕರು ದಿನಕ್ಕೆ ಅರ್ಧ ಗಂಟೆಯನ್ನು ವರ್ಷವಿಡೀ ಮೀಸಲಿಡಲಿ. ಪೋಷಕರು ಆ ಅರ್ಧ ಗಂಟೆಯನ್ನು ಟ್ಯೂಷನ್ನಿಗೆ ಕೇಳದಿರಲಿ.