ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಅದು ಎಡಿಎಚ್‌ಡಿ ಲಕ್ಷಣವೇ? ಫಾರ್ವರ್ಡ್ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಐದು ವರ್ಷ ದಾಟಿದ ಮೇಲೂ ಮಗು ನಿದ್ದೆಯಲ್ಲಿ ಉಚ್ಚೆ ಮಾಡಿಕೊಂಡರೆ ಅದಕ್ಕೆ ಎಡಿಎಚ್‌ಡಿ ಇದೆ ಎಂದೇ ಅರ್ಥ, ಬೇಗ ಚಿಕಿತ್ಸೆ ಕೊಡಿಸದಿದ್ದರೆ ಮಗುವಿನ ಓದು ಹಾಳಾಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ರಾಯಚೂರು ತಾಲೂಕಿನ ಮಟಮಾರಿ ಕಡೆಯ ಒಬ್ಬ ತಾಯಿ ನಮಗೆ ಕಳಿಸಿದ್ದಾರೆ. ಅವರ ಮಗನಿಗೆ 10 ವರ್ಷ. ವಾರದಲ್ಲಿ ಮೂರು ನಾಲ್ಕು ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಮುಂದಿನ ವರ್ಷ ಆರನೇ ತರಗತಿಗೆ ವಸತಿ ಶಾಲೆಗೆ ಸೇರಿಸಬೇಕೆಂದಿದ್ದಾರೆ. ಇದು ತಲಿಗೆ ಸಂಬಂಧಪಟ್ಟ ಜಡ್ಡೇನು, ಹಿಂಗಿದ್ರೆ ಹಾಸ್ಟೆಲ್‌ಗೆ ಹೆಂಗ ಬಿಡೋದು ಎಂಬುದು ಅವರ ಪ್ರಶ್ನೆ.

ಸಂದೇಶವನ್ನು ನಾವು ಪರಿಶೀಲಿಸಿದೆವು. ಅದು ಅರ್ಧ ಸತ್ಯ. ಹಾಸಿಗೆ ಒದ್ದೆ ಮಾಡುವುದಕ್ಕೂ ಎಡಿಎಚ್‌ಡಿಗೂ ನಂಟು ಇರುವುದು ನಿಜ, ಹಲವು ಅಧ್ಯಯನಗಳಲ್ಲಿ ಅದು ಕಂಡುಬಂದಿದೆ. ಆದರೆ ಹಾಸಿಗೆ ಒದ್ದೆ ಮಾಡುವ ಹೆಚ್ಚಿನ ಮಕ್ಕಳಿಗೆ ಎಡಿಎಚ್‌ಡಿ ಇರುವುದಿಲ್ಲ. ಈ ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹಾಸಿಗೆ ಒದ್ದೆಯಾಗುವುದು ಯಾವಾಗ ಸಮಸ್ಯೆ?

ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ವೈದ್ಯರು ಇದನ್ನು ಸಮಸ್ಯೆ ಎಂದು ಎಣಿಸುವುದೇ ಇಲ್ಲ. ಐದು ದಾಟಿದ ಮೇಲೆ, ವಾರಕ್ಕೆ ಕನಿಷ್ಠ ಎರಡು ಸಲದಂತೆ ಮೂರು ತಿಂಗಳು ಸತತವಾಗಿ ಹೀಗಾಗುತ್ತಿದ್ದರೆ ಅದನ್ನು ಎನ್ಯುರೆಸಿಸ್ ಎಂದು ಕರೆಯುತ್ತಾರೆ. ಐದು ವರ್ಷದ ಮಕ್ಕಳಲ್ಲಿ 100ಕ್ಕೆ ಸುಮಾರು 15 ಮಂದಿ ರಾತ್ರಿ ಒದ್ದೆ ಮಾಡುತ್ತಾರೆ. ಏಳು ವರ್ಷಕ್ಕೆ ಇದು ಸುಮಾರು 10ಕ್ಕೆ ಇಳಿಯುತ್ತದೆ, ಹತ್ತು ವರ್ಷಕ್ಕೆ ಸುಮಾರು 5ಕ್ಕೆ. ಏನೂ ಚಿಕಿತ್ಸೆ ಮಾಡದೆಯೇ ಪ್ರತಿ ವರ್ಷ ಇಂಥ 100 ಮಕ್ಕಳಲ್ಲಿ ಸುಮಾರು 15 ಮಂದಿಗೆ ತಾನಾಗಿಯೇ ನಿಂತುಹೋಗುತ್ತದೆ.

ತಾಯತ ಕಟ್ಟಿಸಿದ ಮೇಲೆ ನಿಂತಿತು, ಎಳ್ಳು ಬೆಲ್ಲ ಕೊಟ್ಟ ಮೇಲೆ ನಿಂತಿತು ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ನಿಲ್ಲುವ ಕಾಲಕ್ಕೆ ನಿಂತಿರುತ್ತದೆ, ಹೆಸರು ತಾಯತಕ್ಕೆ ಹೋಗಿರುತ್ತದೆ. ಎಳ್ಳು ಬೆಲ್ಲದಿಂದ ಹಾನಿಯೇನೂ ಇಲ್ಲ, ತಿನ್ನಲಿ ಬಿಡಿ. ಹೊಡೆಯುವುದು, ಬರೆ ಹಾಕುವುದು ಮಾತ್ರ ಬೇಡವೇ ಬೇಡ.

ಕಾರಣ ಏನು?

ಮಗು ಬೇಕೆಂದು ಮಾಡುವುದಿಲ್ಲ, ಸೋಮಾರಿತನದಿಂದಲೂ ಮಾಡುವುದಿಲ್ಲ. ಮುಖ್ಯವಾಗಿ ಮೂರು ಸಂಗತಿಗಳು ಇಲ್ಲಿ ಸೇರಿಕೊಳ್ಳುತ್ತವೆ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವಂತೆ ಕಿಡ್ನಿಗೆ ಹೇಳುವ ವಾಸೋಪ್ರೆಸಿನ್ ಎಂಬ ಹಾರ್ಮೋನು ಕೆಲವು ಮಕ್ಕಳಲ್ಲಿ ರಾತ್ರಿ ಸಾಕಷ್ಟು ಹೆಚ್ಚುವುದಿಲ್ಲ. ಕೆಲವರ ಮೂತ್ರಕೋಶ ಕಡಿಮೆ ಹಿಡಿಯುತ್ತದೆ, ಅಥವಾ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಮೂರನೆಯದು ಎಚ್ಚರದ ಸಮಸ್ಯೆ: ಮೂತ್ರಕೋಶ ತುಂಬಿದೆ ಎಂಬ ಸುದ್ದಿ ಮೆದುಳಿಗೆ ಹೋದರೂ ನಿದ್ದೆ ಒಡೆಯುವುದಿಲ್ಲ. ಮಗನನ್ನು ಎತ್ತಿ ನಿಲ್ಲಿಸಿದರೂ ಕಣ್ಣು ಬಿಡುವುದಿಲ್ಲ ಎಂದು ತಾಯಂದಿರು ಹೇಳುವುದು ಇದನ್ನೇ.

ಇದರ ಜೊತೆಗೆ ಮಲಬದ್ಧತೆ ಇದ್ದರೆ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಎಷ್ಟೋ ಮಕ್ಕಳಲ್ಲಿ ಇದನ್ನು ಯಾರೂ ಕೇಳಿರುವುದೇ ಇಲ್ಲ. ಶಾಲೆಯ ಶೌಚಾಲಯ ಗಲೀಜಾಗಿದೆ ಎಂದು ಬೆಳಗಿನಿಂದ ಸಂಜೆವರೆಗೆ ತಡೆದುಕೊಳ್ಳುವ ಮಕ್ಕಳಿಗೆ ಎರಡೂ ತೊಂದರೆ ಬರಬಹುದು.

ಇನ್ನೊಂದು ದೊಡ್ಡ ಕಾರಣ ಮನೆತನ. ತಂದೆ ತಾಯಿಯಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಹೀಗಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ 100ಕ್ಕೆ ಸುಮಾರು 44, ಇಬ್ಬರಿಗೂ ಇದ್ದರೆ ಸುಮಾರು 77 ಎಂದು ಲೆಕ್ಕ ಹಾಕಿದ್ದಾರೆ. ಮಟಮಾರಿಯ ಆ ತಾಯಿಗೆ ಇದನ್ನು ಹೇಳಿದಾಗ ಅವರು ಅತ್ತೆಯನ್ನು ಕೇಳಿದರು. ಮಗುವಿನ ಅಪ್ಪನಿಗೂ ಹನ್ನೆರಡು ವರ್ಷದವರೆಗೆ ಇದೇ ಇತ್ತಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಹಾಗಾದರೆ ಎಡಿಎಚ್‌ಡಿ ನಂಟು ಎಲ್ಲಿಂದ ಬಂತು?

ಎಡಿಎಚ್‌ಡಿ ಎಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ಸಮಸ್ಯೆ. ಅಮೆರಿಕದಲ್ಲಿ 2001ರಿಂದ 2004ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 8ರಿಂದ 11 ವರ್ಷದ ಸುಮಾರು 1,100 ಮಕ್ಕಳ ಮಾಹಿತಿಯನ್ನು ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 100ರಲ್ಲಿ 4ರಿಂದ 5 ಮಕ್ಕಳಿಗೆ ಎನ್ಯುರೆಸಿಸ್ ಇತ್ತು, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡು ಪಟ್ಟಿಗೂ ಹೆಚ್ಚು. ಎಡಿಎಚ್‌ಡಿ ಇದ್ದ ಮಕ್ಕಳಲ್ಲಿ ಇದರ ಸಂಭವ ಉಳಿದವರಿಗಿಂತ ಹತ್ತಿರಹತ್ತಿರ ಮೂರು ಪಟ್ಟು ಇತ್ತು. ಇದಕ್ಕೂ ಮೊದಲು, 1997ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲೂ ಆರು ವರ್ಷದ ಮಕ್ಕಳಲ್ಲಿ ಸುಮಾರು ಇಷ್ಟೇ ವ್ಯತ್ಯಾಸ ಕಂಡಿತ್ತು.

ಮೂರು ಪಟ್ಟು ಎಂದ ಕೂಡಲೇ ಗಾಬರಿಯಾಗುತ್ತದೆ. ಫಾರ್ವರ್ಡ್ ಬರೆದವರು ಎಡವಿದ್ದೂ ಇಲ್ಲೇ. ಒಂದು ಲೆಕ್ಕ ಹಾಕಿ ನೋಡೋಣ.

ಏಳು ವರ್ಷದ 1,000 ಮಕ್ಕಳಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಸುಮಾರು 100 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಜಗತ್ತಿನಾದ್ಯಂತ ಎಡಿಎಚ್‌ಡಿ 100ಕ್ಕೆ ಸುಮಾರು 5 ಮಕ್ಕಳಲ್ಲಿದೆ ಎಂಬ ಅಂದಾಜಿದೆ, ಅಂದರೆ ಇಲ್ಲಿ 50 ಮಕ್ಕಳು. ಈ 50 ಮಕ್ಕಳಲ್ಲಿ ಒದ್ದೆ ಮಾಡುವ ಸಂಭವ ಮೂರು ಪಟ್ಟು ಎಂದು ಹಿಡಿದು ಲೆಕ್ಕ ಮಾಡಿದರೆ, ಒದ್ದೆ ಮಾಡುವ 100 ಮಕ್ಕಳಲ್ಲಿ ಸುಮಾರು 14 ಮಂದಿಗೆ ಎಡಿಎಚ್‌ಡಿ ಇರುತ್ತದೆ. ಉಳಿದ 86 ಮಂದಿಗೆ ಇರುವುದಿಲ್ಲ. ಅತ್ತ ಎಡಿಎಚ್‌ಡಿ ಇರುವ 50 ಮಕ್ಕಳಲ್ಲಿ 36 ಮಂದಿ ಹಾಸಿಗೆ ಒದ್ದೆ ಮಾಡುವುದೇ ಇಲ್ಲ. ಇದು ಅಂದಾಜಿನ ಲೆಕ್ಕ, ಒಂದೆರಡು ಅಂಕಿ ಹೆಚ್ಚು ಕಡಿಮೆಯಾಗಬಹುದು. ಆದರೆ ಒದ್ದೆ ಹಾಸಿಗೆ ನೋಡಿ ಎಡಿಎಚ್‌ಡಿ ಎಂದುಬಿಟ್ಟರೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಲ ತಪ್ಪಾಗುತ್ತದೆ ಎಂಬುದಂತೂ ಬದಲಾಗುವುದಿಲ್ಲ.

ಎರಡೂ ಜೊತೆಯಾಗಿ ಏಕೆ ಬರುತ್ತವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮೂತ್ರವನ್ನು ತಡೆಯುವುದು, ಸೂಚನೆ ಬಂದಾಗ ಎಚ್ಚರವಾಗುವುದು ಮೆದುಳು ಬೆಳೆದಂತೆ ಬರುವ ಶಕ್ತಿಗಳು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮೆದುಳಿನ ಕೆಲವು ಭಾಗಗಳ ಬೆಳವಣಿಗೆ ಸ್ವಲ್ಪ ತಡ. ಹಗಲಿನಲ್ಲೂ ಇವರು ಆಟದಲ್ಲಿ ಮುಳುಗಿ ಮೂತ್ರದ ಒತ್ತಡವನ್ನು ಗಮನಿಸದೆ ಕೊನೆಯ ಕ್ಷಣದಲ್ಲಿ ಓಡುತ್ತಾರೆ. ಹಾಗಾಗಿ ಚಡ್ಡಿ ಹಗಲಲ್ಲೂ ಒದ್ದೆಯಾಗಬಹುದು.

ಕೆಲವೊಮ್ಮೆ ನಂಟು ತಿರುಗಾಮುರುಗಾ ಇರುತ್ತದೆ. ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ದೊಡ್ಡದಾಗಿ ಬಾಯಲ್ಲಿ ಉಸಿರಾಡುತ್ತ, ಗೊರಕೆ ಹೊಡೆಯುತ್ತ ಮಲಗುವ ಮಗುವಿಗೆ ರಾತ್ರಿ ನಿದ್ದೆ ಸರಿಯಾಗುವುದಿಲ್ಲ. ಅದರಿಂದ ಹಾಸಿಗೆಯೂ ಒದ್ದೆಯಾಗಬಹುದು, ಹಗಲು ಗಮನವೂ ಹಾರಬಹುದು. ನೋಡುವವರಿಗೆ ಎಡಿಎಚ್‌ಡಿಯಂತೆಯೇ ಕಾಣುತ್ತದೆ. ಅಲ್ಲಿ ಮೊದಲು ನೋಡಬೇಕಾದ್ದು ಮೂಗು ಮತ್ತು ಗಂಟಲು.

ಎಡಿಎಚ್‌ಡಿ ಎಂದು ಹೇಗೆ ಗೊತ್ತಾಗುತ್ತದೆ?

ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಗೊತ್ತಾಗುವುದಿಲ್ಲ. ಗಮನ ನಿಲ್ಲದಿರುವುದು, ವಸ್ತು ಕಳೆದುಕೊಳ್ಳುವುದು, ಕೂತಲ್ಲಿ ಕೂರಲಾಗದಿರುವುದು, ತನ್ನ ಸರದಿಗೆ ಕಾಯಲಾಗದಿರುವುದು ಇಂಥ ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, 12 ವರ್ಷದೊಳಗೇ ಶುರುವಾಗಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ಮಗುವಿನ ಓದು, ಒಡನಾಟಕ್ಕೆ ಅದರಿಂದ ತೊಂದರೆಯಾಗುತ್ತಿರಬೇಕು. ಮನೆಯಲ್ಲಿ ಮಾತ್ರ ಗದ್ದಲ ಮಾಡುವ, ಶಾಲೆಯಲ್ಲಿ ಮೇಷ್ಟ್ರು ಮೆಚ್ಚುವ ಮಗುವಿಗೆ ಈ ಹೆಸರು ಹಚ್ಚಲಾಗದು. ಹಾಸಿಗೆ ಒದ್ದೆ ಮಾಡುವುದು ಎಡಿಎಚ್‌ಡಿ ಲಕ್ಷಣಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಮಟಮಾರಿಯ ಹುಡುಗನ ಬಗ್ಗೆ ತಾಯಿಯನ್ನು ಇದೇ ಪ್ರಶ್ನೆಗಳನ್ನು ಕೇಳಿದೆವು. ಲೆಕ್ಕ ಚೆನ್ನಾಗಿ ಮಾಡುತ್ತಾನೆ, ಒಂದು ಗಂಟೆ ಕೂತು ಹೋಂವರ್ಕ್ ಮುಗಿಸುತ್ತಾನೆ, ಶಾಲೆಯಿಂದ ದೂರು ಬಂದಿಲ್ಲ. ಇದನ್ನು ನೋಡಿ ರೋಗ ಇದೆ ಇಲ್ಲ ಎಂದು ಹೇಳಲು ನಾವು ವೈದ್ಯರಲ್ಲ. ಆದರೆ ಆ ಫಾರ್ವರ್ಡ್ ನಂಬಿ ನಿದ್ದೆಗೆಡುವ ಕಾರಣವೂ ನಮಗೆ ಕಾಣಲಿಲ್ಲ.

ಯಾವಾಗ ತಡ ಮಾಡಬಾರದು?

ಆರು ತಿಂಗಳಿಗಿಂತ ಹೆಚ್ಚು ಕಾಲ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ ಕಾರಣ ಹುಡುಕಲೇಬೇಕು. ಜೊತೆಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇದ್ದರೆ ಅದು ಮಕ್ಕಳಲ್ಲಿ ಬರುವ ಸಕ್ಕರೆ ಕಾಯಿಲೆ ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉರಿಮೂತ್ರ, ಜ್ವರ, ಮೂತ್ರದಲ್ಲಿ ರಕ್ತ, ಸಣ್ಣಗೆ ಹನಿಹನಿಯಾಗಿ ಬರುವ ಮೂತ್ರ, ಕಾಲಿನಲ್ಲಿ ಬಲ ಇಲ್ಲದಿರುವುದು ಇವೂ ಕಾಯಬಾರದ ಲಕ್ಷಣಗಳೇ.

ದೇವದುರ್ಗ, ಮಾನ್ವಿ, ರಾಯಚೂರು ಕಡೆಯ ಓದುಗರಿಗೆ ಇನ್ನೊಂದು ಮಾತು. ಅಪ್ಪ ಅಮ್ಮ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡತೊಡಗಿದರೆ ಅದಕ್ಕೆ ಬೈಯುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಹೊಸ ಕೂಸು ಬಂದಾಗ, ಸಾವಾದಾಗ, ಶಾಲೆ ಬದಲಾದಾಗಲೂ ಹೀಗಾಗುತ್ತದೆ. ಯಾರಾದರೂ ಹೆದರಿಸುತ್ತಿದ್ದಾರೆಯೇ, ಮೈಮುಟ್ಟಿ ತೊಂದರೆ ಕೊಡುತ್ತಿದ್ದಾರೆಯೇ ಎಂಬುದನ್ನೂ ಮಗುವಿನೊಡನೆ ಮೆಲ್ಲಗೆ ಮಾತಾಡಿ ತಿಳಿಯಬೇಕು.

ಮನೆಯಲ್ಲಿ ಏನು ಮಾಡಬಹುದು?

ಮಧ್ಯಾಹ್ನದಿಂದಲೇ ನೀರು ಬಂದ್ ಮಾಡುವುದು ತಪ್ಪು. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಗುವಿಗೆ ನೀರು ತಡೆದರೆ ಬೇರೆಯದೇ ಅಪಾಯ. ಬೆಳಿಗ್ಗೆಯಿಂದ ಸಂಜೆವರೆಗೆ ಚೆನ್ನಾಗಿ ಕುಡಿಯಲಿ, ಮಲಗುವ ಮೊದಲಿನ ಒಂದೆರಡು ಗಂಟೆ ಮಾತ್ರ ಕಡಿಮೆ ಮಾಡಿ. ಸಂಜೆಯ ಮೇಲೆ ಚಹಾ ಬೇಡ. ಮಲಗುವ ಮುನ್ನ ಒಮ್ಮೆ ಮೂತ್ರಕ್ಕೆ ಹೋಗಿ ಬರಲಿ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಎರಡು ವಾರ ಯಾವ ರಾತ್ರಿ ಒದ್ದೆ, ಯಾವ ರಾತ್ರಿ ಒಣ ಎಂದು ಕ್ಯಾಲೆಂಡರ್ ಮೇಲೆ ಗುರುತು ಹಾಕಿದರೆ ವೈದ್ಯರಿಗೆ ಅದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ.

ಚಿಕಿತ್ಸೆ ಬೇಕಾದರೆ ಎರಡು ಮುಖ್ಯ ದಾರಿಗಳಿವೆ. ಒಂದು ಅಲಾರಂ. ಚಡ್ಡಿಗೆ ಸಿಕ್ಕಿಸುವ ಸಣ್ಣ ಸಾಧನ, ಮೊದಲ ಹನಿಗೇ ಕೂಗುತ್ತದೆ. ಎರಡು ಮೂರು ತಿಂಗಳು ಬಿಡದೆ ಬಳಸಿದರೆ ಮೂರರಲ್ಲಿ ಎರಡು ಮಕ್ಕಳಿಗೆ ಹಾಸಿಗೆ ಒಣಗುತ್ತದೆ. ಇದರ ಕಥೆ ತಮಾಷೆಯಾಗಿದೆ. 1904ರಲ್ಲಿ ಫೌಂಡ್ಲರ್ ಎಂಬ ಮಕ್ಕಳ ವೈದ್ಯ, ಹಾಸಿಗೆ ಒದ್ದೆಯಾದದ್ದು ನರ್ಸ್‌ಗಳಿಗೆ ಗೊತ್ತಾಗಲಿ ಎಂದು ಗಂಟೆ ಕಟ್ಟಿದ್ದ. ಬರಬರುತ್ತ ಮಕ್ಕಳು ಒದ್ದೆ ಮಾಡುವುದೇ ಕಡಿಮೆಯಾಯಿತು! ಎಡಿಎಚ್‌ಡಿ ನಂಟು ಗೊತ್ತಿದ್ದರೆ ನಿಜವಾಗಿ ಲಾಭವಾಗುವುದು ಈ ಹಂತದಲ್ಲಿ. ಅಂಥ ಮಕ್ಕಳಿಗೆ ಪ್ರತಿ ರಾತ್ರಿ ಅಲಾರಂ ಶಿಸ್ತು ಪಾಲಿಸುವುದು ಕಷ್ಟ, ಫಲವೂ ಕಡಿಮೆ. ಎಡಿಎಚ್‌ಡಿಗೂ ಜೊತೆಯಲ್ಲೇ ಚಿಕಿತ್ಸೆ ನಡೆದರೆ, ದೊಡ್ಡವರೊಬ್ಬರು ರಾತ್ರಿ ಎದ್ದು ಸಹಾಯ ಮಾಡಿದರೆ ಅನುಕೂಲ.

ಇನ್ನೊಂದು ಡೆಸ್ಮೊಪ್ರೆಸಿನ್ ಮಾತ್ರೆ. ರಾತ್ರಿ ಮೂತ್ರ ಕಡಿಮೆ ಮಾಡುತ್ತದೆ, ನಿಲ್ಲಿಸಿದರೆ ಅನೇಕರಿಗೆ ಮರಳಿ ಬರುತ್ತದೆ. ಮಾತ್ರೆ ತೆಗೆದುಕೊಳ್ಳುವ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಹೆಚ್ಚು ನೀರು ಕುಡಿಯಬಾರದು, ಕುಡಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಹಾಗಾಗಿ ಮೆಡಿಕಲ್ ಅಂಗಡಿಯಿಂದ ನೀವಾಗಿ ತಂದು ಕೊಡಬೇಡಿ.

ಎಲ್ಲಿಗೆ ಹೋಗುವುದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ, ಒಂದು ಮೂತ್ರ ಪರೀಕ್ಷೆ. ಮುಂದೆ ಬೇಕಾದರೆ ರಾಯಚೂರಿನ ರಿಮ್ಸ್‌ನ ಮಕ್ಕಳ ವಿಭಾಗ. ಗಮನ, ನಡವಳಿಕೆಯ ಬಗ್ಗೆಯೂ ಅನುಮಾನವಿದ್ದರೆ, ಸರ್ಕಾರಿ ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿ. 2013ರಲ್ಲಿ ಶುರುವಾದ ಈ ಕಾರ್ಯಕ್ರಮದ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ವಸತಿ ಶಾಲೆಯ ಪ್ರಶ್ನೆ. ಹತ್ತು ವರ್ಷಕ್ಕೆ 100ರಲ್ಲಿ 5 ಎಂದರೆ, ಆರನೇ ತರಗತಿಗೆ ಸೇರುವ 50 ಮಕ್ಕಳಲ್ಲಿ ಇಬ್ಬರು ಮೂವರಿಗೆ ಇದೇ ತೊಂದರೆ ಇರುತ್ತದೆ. ಪ್ರತಿಯೊಬ್ಬರೂ ತಾನೊಬ್ಬನೇ ಎಂದುಕೊಂಡಿರುತ್ತಾರೆ, ಅಷ್ಟೇ. ಪ್ರವೇಶಕ್ಕೆ ಇನ್ನೂ ತಿಂಗಳುಗಳಿರುವುದರಿಂದ ಈಗಲೇ ವೈದ್ಯರನ್ನು ಕಂಡರೆ ಅಲಾರಂ ಪ್ರಯತ್ನಿಸಲು ಸಮಯ ಸಿಗುತ್ತದೆ. ಆಗಲೂ ನಿಲ್ಲದಿದ್ದರೆ ವಾರ್ಡನ್‌ಗೆ ಬೇರೆಯವರಿಲ್ಲದಾಗ ಹೇಳಿ, ಕೆಳಗಿನ ಮಂಚ, ಶೌಚಾಲಯಕ್ಕೆ ಹತ್ತಿರದ ಜಾಗ ಕೇಳಿ. ಹಾಸಿಗೆ ಮೇಲೆ ಹಾಸಲು ಒಂದು ರಬ್ಬರ್ ಶೀಟ್, ಎರಡು ಹೆಚ್ಚುವರಿ ಬೆಡ್‌ಶೀಟ್, ಒದ್ದೆ ಬಟ್ಟೆ ಹಾಕಲು ಮುಚ್ಚುವ ಚೀಲ ಟ್ರಂಕಿನಲ್ಲಿಡಿ. ಮಟಮಾರಿಯ ಆ ತಾಯಿ ಮಗನೊಂದಿಗೆ ಕೂತು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲು ಶುರು ಮಾಡಿದ್ದಾರೆ. ಎರಡು ವಾರ ಮುಗಿದ ಮೇಲೆ ಅದನ್ನೇ ಹಿಡಿದು ರಿಮ್ಸ್‌ಗೆ ಹೋಗುವುದಾಗಿ ತಿಳಿಸಿದ್ದಾರೆ.