ನಿದ್ದೆ ಕೆಡಿಸುವ ಬೆನ್ನುನೋವು

ನಾಗಪುರದ ಕಳಮನಾ ಮಂಡಿಯ ಪಕ್ಕದಲ್ಲೇ ನಮ್ಮ ಮನೆ. ಮೆಣಸಿನಕಾಯಿ ಘಾಟು ಬಂದಾಗಲೆಲ್ಲ ನಮ್ಮೂರು ಬ್ಯಾಡಗಿ ನೆನಪಾಗುತ್ತದೆ. ಓದಲೆಂದು ನಮ್ಮ ಜೊತೆಗಿರುವ ಅಕ್ಕನ ಮಗ, 17ರ ಹುಡುಗ, ನಡುರಾತ್ರಿ ಲಾರಿಗಳು ಬರುವ ಹೊತ್ತಿಗೆ ಬೆನ್ನು ಹಿಡಿದುಕೊಂಡು ಎದ್ದು ಕೂರುತ್ತಿದ್ದ. ಬ್ಯಾಗಿನ ಭಾರ ಎಂದುಕೊಂಡೆ, ಹಾಸಿಗೆ ಬದಲಿಸಿದೆ. 4 ತಿಂಗಳಲ್ಲಿ ಬೆನ್ನು ಒಂದು ಕಡೆಗೆ ವಾಲಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ.

ಮೂಳೆತಜ್ಞರು ಕೇಳಿದ್ದು ಎರಡೇ ಪ್ರಶ್ನೆ: ನೋವು ರಾತ್ರಿ ಹೆಚ್ಚುತ್ತದೆಯೇ? ನೋವಿನ ಮಾತ್ರೆಗೆ ಚೆನ್ನಾಗಿ ಇಳಿಯುತ್ತದೆಯೇ? ಎರಡಕ್ಕೂ ಹೌದು. ಸಿಟಿ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಗಡ್ಡೆ ಸಿಕ್ಕಿತು. ಹೆಸರು ಆಸ್ಟಿಯಾಯ್ಡ್ ಆಸ್ಟಿಯೋಮಾ. 1935ರಲ್ಲಿ ಅಮೆರಿಕದ ಹೆನ್ರಿ ಜಾಫೆ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಸಾಮಾನ್ಯವಾಗಿ 1.5 ಸೆಂಟಿಮೀಟರ್ ದಾಟದ ಈ ಗಡ್ಡೆ ಪ್ರೊಸ್ಟಾಗ್ಲಾಂಡಿನ್ ಎಂಬ ನೋವಿನ ರಾಸಾಯನಿಕ ತಯಾರಿಸುತ್ತದೆ. ಮಾತ್ರೆ ತಡೆಯುವುದು ಅದನ್ನೇ.

ಗಡ್ಡೆ ಎಂದೊಡನೆ ಅಕ್ಕ ಫೋನಿನಲ್ಲೇ ಅತ್ತಳು. "ಇದು ಕ್ಯಾನ್ಸರ್ ಅಲ್ಲಕ್ಕಾ, ಮುಂದನೂ ಆಗೂದಿಲ್ಲ" ಎಂದು ಹತ್ತು ಸಲ ಹೇಳಬೇಕಾಯಿತು.

ಗಡ್ಡೆ ನರಕ್ಕೆ ತೀರ ಅಂಟಿಕೊಂಡಿದ್ದರೆ ಆಪರೇಷನ್ ಬೇಕಾಗುತ್ತಿತ್ತು. ಇವನಿಗೆ ಹಾಗಿರಲಿಲ್ಲ. ಸ್ಕ್ಯಾನಿನಲ್ಲಿ ನೋಡುತ್ತಲೇ ಸೂಜಿ ತೂರಿಸಿ, ರೇಡಿಯೋ ತರಂಗದಿಂದ ಅದರ ತುದಿಯನ್ನು 90 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಸುಮಾರು 6 ನಿಮಿಷ ಗಡ್ಡೆಯನ್ನು ಸುಟ್ಟರು. ಮೂರನೇ ರಾತ್ರಿ ಲಾರಿಗಳು ಬಂದವು, ಹುಡುಗ ಏಳಲಿಲ್ಲ.

ಮಕ್ಕಳ ಬೆನ್ನುನೋವು ರಾತ್ರಿ ಎಬ್ಬಿಸುತ್ತಿದ್ದರೆ ಹಾಸಿಗೆ ಬದಲಿಸುತ್ತ ಕೂರಬೇಡಿ, ವೈದ್ಯರಿಗೆ ತೋರಿಸಿ. ಎಕ್ಸ್‌ರೇ ಸರಿಯಿದೆ ಎಂದು ಅಲ್ಲಿಗೇ ಬಿಡಬೇಡಿ.