ರೀಬೂಟ್ ಇಲ್ಲದೆ ಆಪರೇಟಿಂಗ್ ಸಿಸ್ಟಂ: ನಂಬಿಕೆ ಮತ್ತು ವಾಸ್ತವ

ಕಂಪ್ಯೂಟರನ್ನು ರೀಬೂಟ್ ಮಾಡದೆ ಅದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಸ್ಥಾಪಿಸಲು ಸಾಧ್ಯವೇ ಇಲ್ಲ ಎಂಬ ನಂಬಿಕೆ ಸಾಮಾನ್ಯ ಬಳಕೆದಾರರಲ್ಲಿ ಮಾತ್ರವಲ್ಲ, ದುರಸ್ತಿಯ ಕೆಲಸದಲ್ಲಿ ಪಳಗಿದವರಲ್ಲಿಯೂ ಬೇರೂರಿದೆ. ಈ ನಂಬಿಕೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದಾಗಿ ಬೆರೆತುಹೋಗಿವೆ. ವ್ಯವಸ್ಥೆಯ ಕಡತಗಳನ್ನು ಡಿಸ್ಕಿಗೆ ಬರೆದು, ಮುಂದೆ ಅಲ್ಲಿಂದಲೇ ಚಾಲನೆಗೊಳ್ಳುವಂತೆ ಅಣಿಗೊಳಿಸುವುದು ಸ್ಥಾಪನೆ. ಆ ವ್ಯವಸ್ಥೆಯ ತಿರುಳಾದ ಕರ್ನಲ್, ಪ್ರೊಸೆಸರ್ ಮತ್ತು ಮೆಮೊರಿಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳುವುದು ಬೂಟ್. ಮೊದಲನೆಯದಕ್ಕೆ ಎರಡನೆಯದರ ಹಂಗಿಲ್ಲ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯನ್ನು ಸಿ.ಡಿ.ಯಿಂದ ಹಾಕಿದವರು ಕಂಡದ್ದು, ನೀಲಿ ಪರದೆಯಲ್ಲಿ ಕಡತಗಳನ್ನು ನಕಲಿಸಿಕೊಂಡು, ನಡುವೆ ತಾನಾಗಿಯೇ ರೀಬೂಟ್ ಆಗಿ, ಬಳಿಕ ಉಳಿದ ಕೆಲಸ ಮುಗಿಸುತ್ತಿದ್ದ ಸ್ಥಾಪಕವನ್ನು. ರೀಬೂಟ್ ಎಂಬುದು ಸ್ಥಾಪನೆಯದೇ ಒಂದು ಹಂತವೆಂದು ಅವರು ತಿಳಿದದ್ದು ಸಹಜವೇ. ಆದರೆ ಪೆನ್ ಡ್ರೈವಿನಿಂದ ಎದ್ದು ಬರುವ ಇಂದಿನ ಸ್ಥಾಪಕವೂ ಚಿಕ್ಕದೊಂದು ಆಪರೇಟಿಂಗ್ ಸಿಸ್ಟಮ್ಮಿನ ಮೇಲೆಯೇ ನಡೆಯುತ್ತದೆ ಎಂಬುದನ್ನು ಗಮನಿಸಿದರೆ, ಓಡುತ್ತಿರುವ ಒಂದು ವ್ಯವಸ್ಥೆಯೇ ಇನ್ನೊಂದನ್ನು ಡಿಸ್ಕಿಗೆ ಬರೆಯುತ್ತಿದೆ ಎಂಬುದು ಗೋಚರಿಸುತ್ತದೆ. 2006ರ ಉಬುಂಟು 6.06ರಿಂದ ಮೊದಲ್ಗೊಂಡು, ಸಿ.ಡಿ.ಯಿಂದಲೇ ಪೂರ್ಣ ಡೆಸ್ಕ್‌ಟಾಪನ್ನು ತೆರೆದು, ಒಂದು ಕಿಟಕಿಯಲ್ಲಿ ಸ್ಥಾಪನೆ ಸಾಗುತ್ತಿರುವಾಗ ಮತ್ತೊಂದರಲ್ಲಿ ಬ್ರೌಸರ್ ಬಳಸುವ ಅನುಕೂಲವೂ ಒದಗಿತು. ಅಲ್ಲಿ ‘ಸ್ಥಾಪನೆ ಮುಗಿಯಿತು’ ಎಂಬ ಸಂದೇಶ ಬರುವುದು ರೀಬೂಟಿಗೆ ಮುಂಚೆ.

ಈ ಭೇದ ಅತ್ಯಂತ ಸ್ಪಷ್ಟವಾಗಿ ಕಾಣುವುದು ಡೆಬಿಯನ್ ಲಿನಕ್ಸಿನ ‘ಡಿಬೂಟ್‌ಸ್ಟ್ರ್ಯಾಪ್’ ಎಂಬ ಸಾಧನದಲ್ಲಿ. ಬೇರಾವುದೋ ಲಿನಕ್ಸ್ ಓಡುತ್ತಿರುವ ಯಂತ್ರದಲ್ಲಿ ಖಾಲಿ ಇರುವ ಒಂದು ಪಾರ್ಟಿಶನ್ನನ್ನು, ಅಂದರೆ ಡಿಸ್ಕಿನ ಪ್ರತ್ಯೇಕ ವಿಭಾಗವನ್ನು, ಇದಕ್ಕೆ ತೋರಿಸಿದರೆ ಡೆಬಿಯನ್ನಿನ ಮೂಲ ಪ್ಯಾಕೇಜುಗಳನ್ನು ಅಂತರಜಾಲದಿಂದ ತರಿಸಿ ಅಲ್ಲಿ ಹರಡುತ್ತದೆ. ಅನಂತರ ‘ಕ್ರೂಟ್’ ಎಂಬ ಆದೇಶದಿಂದ ಆ ವಿಭಾಗವನ್ನೇ ಮೂಲ ಕಡತಕೋಶವೆಂದು ಬಗೆದು ಒಳಹೊಕ್ಕು, ಬಳಕೆದಾರರ ಖಾತೆಗಳನ್ನು ತೆರೆದು, ಹೊಸ ಕರ್ನಲ್ಲನ್ನೂ ಬೂಟ್ ಲೋಡರನ್ನೂ ಕೂರಿಸಬಹುದು. ಅಲ್ಲಿ ಆವೃತ್ತಿಯ ಕಡತವನ್ನು ತೆರೆದರೆ ಹೊಸ ಡೆಬಿಯನ್ನಿನ ಸಂಖ್ಯೆ ಕಾಣುತ್ತದೆ; ಅದೇ ಜಾಗದಲ್ಲಿ ನಿಂತು, ಓಡುತ್ತಿರುವ ಕರ್ನಲ್ ಯಾವುದೆಂದು ‘ಯುನೇಮ್’ ಆದೇಶದಿಂದ ಕೇಳಿದರೆ ಹಳೆಯದರ ಸಂಖ್ಯೆ ಬರುತ್ತದೆ. ಮನೆ ಕಟ್ಟಿ ಮುಗಿದಿದೆ, ಯಜಮಾನಿಕೆ ಮಾತ್ರ ಕೈಬದಲಾಗಿಲ್ಲ.

ಓಡುತ್ತಿರುವ ವ್ಯವಸ್ಥೆ ಕುಳಿತಿರುವ ವಿಭಾಗದ ಮೇಲೆಯೇ ಹೊಸದನ್ನು ಬರೆಯಬೇಕಾದಾಗ ತೊಡಕು ಹೆಚ್ಚುವುದು ನಿಜ. ಕುಳಿತ ಕೊಂಬೆಯನ್ನು ಕಡಿಯುವ ಕೆಲಸವದು. ಆದರೂ ಲಿನಕ್ಸಿನಲ್ಲಿ ಪುಟ್ಟದೊಂದು ವ್ಯವಸ್ಥೆಯನ್ನು ಮೆಮೊರಿಯಲ್ಲಿ ಹೂಡಿ, ಪ್ರಕ್ರಿಯೆಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಡಿಸ್ಕನ್ನು ಬಿಡಿಸಿಕೊಂಡು ಅಳಿಸಿ ಬರೆಯುವ ದಾರಿಯಿದೆ. ವಿಂಡೋಸ್‌ನಲ್ಲಿ ಬಳಕೆಯಲ್ಲಿರುವ ಕಡತವನ್ನು ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲವಾದ್ದರಿಂದ, ಬದಲಿಸಬೇಕಾದವುಗಳ ಪಟ್ಟಿಯೊಂದನ್ನು ರಿಜಿಸ್ಟ್ರಿಯಲ್ಲಿ ಬರೆದಿಟ್ಟು, ಮುಂದಿನ ಬೂಟ್‌ನ ಆರಂಭದಲ್ಲಿ, ಆ ಕಡತಗಳನ್ನು ಇನ್ನೂ ಯಾರೂ ಮುಟ್ಟದಿರುವಾಗ, ಬದಲಾವಣೆ ನಡೆಸಲಾಗುತ್ತದೆ. ‘ಈಗ ರೀಬೂಟ್ ಮಾಡಿ’ ಎಂಬ ಸೂಚನೆಗಳು ಬಹಳಷ್ಟು ಹುಟ್ಟುವುದು ಇಲ್ಲಿಂದಲೇ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪು ಕಲ್ಪನೆಯೂ ಉಂಟು: ಲಿನಕ್ಸ್‌ಗೆ ರೀಬೂಟೇ ಬೇಡ ಎಂಬುದು. ಇದಕ್ಕೆ ಆಧಾರವಾಗಿ ಹೆಸರಿಸಲಾಗುವ ‘ಕೆಎಕ್ಸೆಕ್’ 2005ರಲ್ಲಿ 2.6.13ನೇ ಆವೃತ್ತಿಯೊಡನೆ ಲಿನಕ್ಸ್ ಕರ್ನಲ್ಲಿಗೆ ಸೇರಿತು. ಓಡುತ್ತಿರುವ ಕರ್ನಲ್ ತನ್ನ ಉತ್ತರಾಧಿಕಾರಿಯನ್ನು ಮೊದಲೇ ಮೆಮೊರಿಗೆ ತಂದಿಟ್ಟುಕೊಂಡು, ಸಾಧನಗಳನ್ನು ನಿಲ್ಲಿಸಿ, ಒಂದನ್ನುಳಿದು ಮಿಕ್ಕ ಪ್ರೊಸೆಸರ್‌ಗಳನ್ನು ಸುಮ್ಮನಾಗಿಸಿ, ಕೊನೆಗೆ ಒಂದು ಕಿರು ಸಂಕೇತಭಾಗಕ್ಕೆ ಹತೋಟಿಯನ್ನು ಒಪ್ಪಿಸುತ್ತದೆ. ಹಳೆಯದು ಅಳಿದು ಹೊಸದು ಇನ್ನೂ ಏಳದ ಆ ಕ್ಷಣದಲ್ಲಿ ಕೆಲಸ ಮಾಡುವ ಸಂಕೇತಕ್ಕೆ ಅದನ್ನು ಬರೆದವರು ‘ಪರ್ಗೆಟರಿ’ ಎಂದು ಹೆಸರಿಟ್ಟಿದ್ದಾರೆ. ಮರಣಕ್ಕೂ ಸ್ವರ್ಗಕ್ಕೂ ನಡುವೆ ಆತ್ಮ ಶುದ್ಧಿಗೊಳ್ಳುವ ತಾಣವೆಂಬ ಕ್ರೈಸ್ತ ಕಲ್ಪನೆ ಅದು, ಕನ್ನಡದವರಿದ್ದಿದ್ದರೆ ಬಹುಶಃ ತ್ರಿಶಂಕುವನ್ನು ನೆನೆಯುತ್ತಿದ್ದರು. ಹೀಗೆ ಯಂತ್ರದ ಫರ್ಮ್‌ವೇರ್ ತಪಾಸಣೆಯನ್ನು ದಾಟಿಹೋಗುವುದರಿಂದ ದೊಡ್ಡ ಸರ್ವರ್‌ಗಳಲ್ಲಿ ಎಷ್ಟೋ ನಿಮಿಷಗಳು ಉಳಿಯುತ್ತವೆ. ಆದರೆ ಓಡುತ್ತಿದ್ದ ಎಲ್ಲ ಪ್ರೋಗ್ರಾಂಗಳೂ ಕೊನೆಗೊಳ್ಳುತ್ತವೆ. ಯಂತ್ರ ರೀಬೂಟ್ ಆಗದಿದ್ದರೂ ಆಪರೇಟಿಂಗ್ ಸಿಸ್ಟಂ ಆಗಿಯೇ ಆಗಿರುತ್ತದೆ.

ಪ್ರೋಗ್ರಾಂಗಳನ್ನು ನಿಲ್ಲಿಸದೆಯೇ ಕರ್ನಲ್ಲನ್ನು ತಿದ್ದುವ ತಂತ್ರವೆಂದರೆ, 2015ರ ಲಿನಕ್ಸ್ 4.0ರಲ್ಲಿ ಮೂಲರೂಪ ಪಡೆದ ‘ಲೈವ್ ಪ್ಯಾಚಿಂಗ್’. ದೋಷವಿರುವ ಫಂಕ್ಷನ್ನಿನ ಆರಂಭದಲ್ಲಿಯೇ ದಾರಿಯನ್ನು ತಿರುಗಿಸಿ, ತಿದ್ದಿದ ಫಂಕ್ಷನ್ ನಡೆಯುವಂತೆ ಇದು ಮಾಡುತ್ತದೆ. ಭದ್ರತೆಯ ಬಿರುಕುಗಳನ್ನು ಮುಚ್ಚಲು ಇದು ಸೊಗಸಾದ ಉಪಾಯವೇ ಹೊರತು, ಒಂದು ಕರ್ನಲ್ಲನ್ನು ತೆಗೆದು ಇನ್ನೊಂದನ್ನು ಕೂರಿಸುವ ವಿಧಾನವಲ್ಲ. ತಿಂಗಳುಗಟ್ಟಲೆ ಹೀಗೆ ತೇಪೆ ಹಾಕಿಸಿಕೊಂಡ ಸರ್ವರಿನಲ್ಲಿಯೂ ‘ಯುನೇಮ್’ ಹೇಳುವುದು, ಅದು ಕಡೆಯ ಸಲ ಬೂಟ್ ಆದಾಗ ಇದ್ದ ಕರ್ನಲ್ಲಿನ ಸಂಖ್ಯೆಯನ್ನೇ.